ಪಾರವ್ವನ ಕೈಯ ರೂಢಿ

ಯಾರೇ ಡ್ರೈವ್ ಹಿಡಿದುಕೊಂಡು ಬಂದು ಇದು ತೆರೆಯುತ್ತಿಲ್ಲ ಎಂದರೂ ನಾನು ಮೊದಲು ಕೇಳುವುದು ಒಂದೇ ಮಾತು: ಕೇಬಲ್ ಬದಲಿಸಿ ನೋಡಿದಿರಾ? ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಮೊಬೈಲ್ ಚಾರ್ಜ್ ಮಾಡುವ ಅಗ್ಗದ ಕೇಬಲ್ ಸಿಕ್ಕಿಸಿರುತ್ತಾರೆ. ಅದರಲ್ಲಿ ಕರೆಂಟು ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಡ್ರೈವ್‌ನ ದೀಪ ಉರಿಯುತ್ತದೆ, ಆದರೆ ಕಂಪ್ಯೂಟರಿಗೆ ಅದು ಬಂದು ಕೂತದ್ದೇ ಗೊತ್ತಿರುವುದಿಲ್ಲ. ಜನ ಕೇಬಲನ್ನು ಬಿಟ್ಟು ನಮ್ಮ ಪಡಸಾಲೆಯನ್ನು ಬೈಯುತ್ತಾರೆ. ಪುಕ್ಕಟೆ ಸಿಕ್ಕಿದ್ದು ಇಷ್ಟೇ ಬಿಡ್ರಿ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪಡಸಾಲೆ ಎಂದರೆ ನಮ್ಮ ಕಡೆಯ ಕಂಪ್ಯೂಟರುಗಳನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ. ಬುಡದಲ್ಲಿ ಲಿನಕ್ಸ್. ಅದರ ಮೇಲೆ ಗದಗ, ವಿಜಯಪುರ, ಬಳ್ಳಾರಿಯ ಶಾಲಾ ಮಾಸ್ತರರು, ಕಾಲೇಜಿನ ಹುಡುಗಿಯರು, ನಿವೃತ್ತ ಟೆಲಿಫೋನ್ ನೌಕರರು ಸೇರಿ ವರ್ಷಗಟ್ಟಲೆ ಕಟ್ಟಿದ್ದು. ಅದರ ಒಂದೊಂದು ಸಾಲೂ ಬಯಲಲ್ಲಿದೆ. ಓದುವವರು ಓದಬಹುದು, ತಿದ್ದುವವರು ತಿದ್ದಬಹುದು. ಮನೆಯ ಪಡಸಾಲೆಯಲ್ಲಿ ಬಂದವರೆಲ್ಲ ಕೂತು ಹೋಗುತ್ತಾರಲ್ಲ, ಹಾಗೆಯೇ ಇದು. ಡಿಸ್ಕುಗಳನ್ನು ನೋಡಿಕೊಳ್ಳುವ ಭಾಗದಲ್ಲಿ ನಾನು ಬರೆದ ಸಾಲುಗಳೂ ಇವೆ. ಆ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ, ಇಲ್ಲಿಯೂ ಮುಚ್ಚಿಡುವುದಿಲ್ಲ.

ನನ್ನ ಹೆಸರು ಮಂದಾಕಿನಿ ಕಮ್ಮಾರ. ಬೆಟಗೇರಿಯ ಕೃತಕ ಅಂಗ ಪ್ರಯೋಗಾಲಯದಲ್ಲಿ ಕೈಗಳ ವಿಭಾಗ ನನ್ನದು. ಅಜ್ಜ ನೇಗಿಲಿನ ಕುಡ ಮಾಡುತ್ತಿದ್ದ, ಅಪ್ಪ ಗೇಟು ಗ್ರಿಲ್ಲು ಮಾಡುತ್ತಿದ್ದ, ನಾನು ಕೈ ಮಾಡುತ್ತೇನೆ.

ನಾವು ಕೊಡುವ ಹೊಸ ಕೈ ಹುಟ್ಟಿದ ಕೂಸಿದ್ದಂತೆ. ನೋಡಲು ಚೆಂದ, ಬರುವುದು ಏನೂ ಇಲ್ಲ. ಮೊಂಡಾದ ತೋಳಿನ ನರಗಳಲ್ಲಿ ಓಡುವ ಸಣ್ಣ ಮಿಂಚುಗಳನ್ನು ಆಲಿಸುತ್ತ, ಯಾವ ಮಿಂಚಿಗೆ ಯಾವ ಬೆರಳು ಎಷ್ಟು ಮಡಚಬೇಕೆಂದು ಅದು ದಿನದಿನವೂ ಕಲಿಯುತ್ತದೆ. ಹೀಗೆ ಕಲಿತದ್ದನ್ನು ನಾವು ರೂಢಿ ಎಂದು ಕರೆಯುತ್ತೇವೆ. ತಿಂಗಳಿಗೊಮ್ಮೆ ಕೈಯನ್ನು ಒಂದು ಯುಎಸ್‌ಬಿ ಡ್ರೈವ್‌ಗೆ ಜೋಡಿಸಿದರೆ ಅಲ್ಲಿಯವರೆಗಿನ ರೂಢಿ ಒಂದು ಕಡತವಾಗಿ ಅದರೊಳಗೆ ಇಳಿಯುತ್ತದೆ. ಕೈ ಕೆಟ್ಟರೆ ಹೊಸ ಕೈಗೆ ಆ ಕಡತ ಹಾಕಿದರಾಯಿತು, ಬಿಟ್ಟಲ್ಲಿಂದ ಶುರುಮಾಡಬಹುದು.

ಆ ಡ್ರೈವ್ ನಮ್ಮ ಹತ್ತಿರ ಇರುವುದಿಲ್ಲ, ಕೈಯ ಒಡೆಯರ ಮನೆಯಲ್ಲಿರುತ್ತದೆ. ಹಿಂದೊಮ್ಮೆ ದೊಡ್ಡ ಕಂಪನಿಗಳು ಜನರ ನಡಿಗೆ, ನಿದ್ದೆ, ನಾಡಿಮಿಡಿತವನ್ನೆಲ್ಲ ದೂರದ ಉಗ್ರಾಣಗಳಲ್ಲಿ ತುಂಬಿಕೊಂಡು, ಅದನ್ನು ನೋಡಲು ಅದೇ ಜನರಿಂದ ಬಾಡಿಗೆ ಕೇಳಿದವು. ಆ ಸಿಟ್ಟಿನಲ್ಲಿ ಕಾನೂನು ಬಂತು. ದೇಹದ ಮಾಹಿತಿ ದೇಹದವರದೇ. ಬೇರೆ ಯಾರೂ ಅದರ ಪ್ರತಿ ಇಟ್ಟುಕೊಳ್ಳುವಂತಿಲ್ಲ, ಒಡೆಯರ ಕಣ್ಣೆದುರಿಗಲ್ಲದೆ ತೆರೆಯುವಂತಿಲ್ಲ. ಒಳ್ಳೆಯ ಕಾನೂನು, ಅದಕ್ಕಾಗಿ ನಾವೂ ಬೀದಿಗಿಳಿದಿದ್ದೆವು. ಎರಡು ಡ್ರೈವ್‌ಗಳಲ್ಲಿ ಇಟ್ಟುಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇವೆ. ಯಾರೂ ಕೇಳುವುದಿಲ್ಲ.

ಪಾರವ್ವ ಬೇವಿನಮರದ ಕೂಡ ಕೇಳಿರಲಿಲ್ಲ.

ಪಾರವ್ವನದು ಬೆಟಗೇರಿ ಮಾರ್ಕೆಟ್ಟಿನ ಹಿಂದೆ ಖಾನಾವಳಿ. ಅರವತ್ತು ದಾಟಿದ ಹೆಂಗಸು. ಬಲಗೈ ಮಣಿಕಟ್ಟಿನವರೆಗೆ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕು ಹೋಗಿತ್ತು. ನಮ್ಮ ಕೈ ಹಾಕಿಕೊಂಡ ಮೇಲೆ ಮೂರು ವರ್ಷ ಹಠ ಹಿಡಿದು ಕಲಿತು, ಮತ್ತೆ ಜೋಳದ ರೊಟ್ಟಿ ಬಡಿಯುವ ಮಟ್ಟಕ್ಕೆ ಬಂದಿದ್ದಳು. ರೊಟ್ಟಿ ಬಡಿಯುವುದೆಂದರೆ ಹುಡುಗಾಟವಲ್ಲ. ಒಂದು ಕೈ ಬಡಿಯುತ್ತ, ಇನ್ನೊಂದು ಕೈ ತಿರುಗಿಸುತ್ತ, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅಂಗೈಗೇ ತಿಳಿಯಬೇಕು. ನಮ್ಮಲ್ಲಿ ಕೈ ಹಾಕಿಸಿಕೊಂಡ ಇಷ್ಟು ಮಂದಿಯಲ್ಲಿ ಲೋಹದ ಕೈಯಿಂದ ರೊಟ್ಟಿ ಬಡಿದವಳು ಅವಳೊಬ್ಬಳೇ. ಹೊರ ದೇಶದ ತಜ್ಞರು ಬಂದರೆ ನಾವು ಅವರಿಗೆ ಚಾರ್ಟು ತೋರಿಸುತ್ತಿರಲಿಲ್ಲ, ಪಾರವ್ವನ ಖಾನಾವಳಿಗೆ ಊಟಕ್ಕೆ ಕರೆದೊಯ್ಯುತ್ತಿದ್ದೆವು. ಅವರು ತಾಟಿನ ಮುಂದೆ ಕೂತು ಒಳಗಿನ ಬಡಿತ ಕೇಳುತ್ತ ಉಣ್ಣುವುದನ್ನೇ ಮರೆಯುತ್ತಿದ್ದರು.

ರೊಟ್ಟಿ ಹಿಟ್ಟಿಗೆ ಕಾಸುವ ನೀರಿನ, ಎಸರಿನ, ಹಬೆ ಒಳಗಿಳಿದು ಆ ಕೈ ಸುಟ್ಟುಹೋಯಿತು. ಒಳಗಿನ ನೆನಪಿನ ಚಿಪ್ಪೂ ಹೋಯಿತು. ನಾವು ಅದನ್ನು ಬಿಚ್ಚಿಟ್ಟುಕೊಂಡು ಹೊಸ ಕೈ ಮಾಡಿ ಫೋನ್ ಮಾಡಿದೆವು: ಬರುವಾಗ ನಾವು ಕೊಟ್ಟ ಡ್ರೈವ್ ತಗೊಂಡು ಬರ್ರಿ, ಹಳೇದು ನಾವ ಇಟ್ಟಕೊಂಡು ಹೊಸದು ಕೊಡತೀವಿ.

ಮರುದಿನ ಪಾರವ್ವ ತೊಳೆದ ಬಟ್ಟೆಯಲ್ಲಿ ಡ್ರೈವನ್ನು ಸುತ್ತಿಕೊಂಡು ಬಂದಳು.

"ನಿಮ್ಮ ಡಬ್ಬಿ ತಗೋರಿ ಬಾಯಾರ," ಎಂದು ಎಡಗೈಯಿಂದಲೇ ಮೇಜಿನ ಮೇಲಿಟ್ಟಳು. "ಲಗೂ ಕೈ ಹಾಕ್ರಿ. ಖಾನಾವಳ್ಯಾಗ ಸೊಸಿ ಒಬ್ಬಾಕಿನ ಅದಾಳ. ರೊಟ್ಟಿ ಹೊರಗಿಂದ ತರಸಾಕತ್ತೀವಿ. ಗಿರಾಕಿ ಮಾರಿ ನೋಡಾಕ ನಾಚಿಕಿ ಬರತೈತಿ ನನಗ."

ನನ್ನ ಸಹೋದ್ಯೋಗಿ ದಾವಲಸಾಬ್ ನದಾಫ್ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಿದ. ದಾವಲ್ ಡಿಸ್ಕುಗಳ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು, ಆದರೆ ಮಾತು ಬಲು ಕಡಿಮೆ. ಡ್ರೈವ್‌ನ ದೀಪ ಮಿಣುಕಿತು. ಪರದೆಯ ಮೇಲೆ ಏನೂ ಬರಲಿಲ್ಲ.

"ಕೇಬಲ್," ಎಂದೆ ನಾನು.

ಕೇಬಲ್ ಬದಲಾಯಿತು. ಏನೂ ಇಲ್ಲ. ಕೆಲವು ಹಳೆಯ ಡ್ರೈವ್‌ಗಳಿಗೆ ಕಂಪ್ಯೂಟರ್ ಕೊಡುವ ಕರೆಂಟು ಸಾಲುವುದಿಲ್ಲ, ಎದ್ದು ನಿಲ್ಲಲು ಹೋಗಿ ಮತ್ತೆ ಮಲಗುತ್ತವೆ. ಅದಕ್ಕಾಗಿ ಬೇರೆ ಕರೆಂಟಿನ ಹಬ್ ಮೂಲಕ ಜೋಡಿಸಿದೆವು. ಆಗಲೂ ಇಲ್ಲ. ಕೊನೆಗೆ ದಾವಲ್ ಕರ್ನಲ್‌ನ, ಎಂದರೆ ವ್ಯವಸ್ಥೆಯ ತಿರುಳಿನ, ದಿನಚರಿ ತೆರೆದ. ಕಂಪ್ಯೂಟರಿನ ಒಳಗೆ ಏನೇನು ನಡೆಯಿತೆಂದು ಅದು ತನ್ನಷ್ಟಕ್ಕೆ ಬರೆದುಕೊಳ್ಳುವ ಜಾಗ ಅದು. ಮುಚ್ಚಿದ ವ್ಯವಸ್ಥೆಗಳು ಇದನ್ನು ಬಳಸುವವರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ಏನೋ ತಪ್ಪಾಗಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಪಡಸಾಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಡ್ರೈವ್ ಬಂದಿದೆ, ಇಷ್ಟು ದೊಡ್ಡದಿದೆ, ಓದಲೂ ಬರುತ್ತಿದೆ, ಆದರೆ ಒಳಗಿನ ಬರವಣಿಗೆ ಯಾವ ಪದ್ಧತಿಯದೆಂದು ತಿಳಿಯುತ್ತಿಲ್ಲ ಎಂದು ಅದು ಹೇಳಿತು.

ದಾವಲ್ ಡಿಸ್ಕಿನ ಮೊದಲ ಪುಟ ತೆಗೆದು ಅಂಕಿಗಳ ಸಾಲನ್ನು ಬೆರಳಿಟ್ಟು ಓದಿದ. ಅವನ ಬೆರಳು ಒಂದೆಡೆ ನಿಂತಿತು.

"ಮಂದಕ್ಕ, ಇದು ನಮ್ಮ ಬರವಣಿಗಿ ಅಲ್ಲ. ಗೋಡಿ ಟಿವಿದು. ಫಾರ್ಮ್ಯಾಟ್ ಆಗೇತಿ. ಮ್ಯಾಲೆ ಏನೋ ಬರಿಯಾಕ ಹೋಗಿ ಅರ್ಧಕ್ಕ ನಿಂತೇತಿ."

ನಾನು ಪಾರವ್ವನ ಕಡೆ ತಿರುಗಿ, ಸಾಧ್ಯವಾದಷ್ಟು ಮೆತ್ತಗೆ ಕೇಳಿದೆ. "ಪಾರವ್ವಾರ, ಇದನ್ನ ಮನ್ಯಾಗಿನ ಟಿವಿಗೆ ಹಚ್ಚಿದ್ರೇನು?"

"ಹಚ್ಚಿದ್ನಿರಿ. ಹಳೇದು ನಾವ ಇಟ್ಟಕೋತೀವಿ ಅಂದಿದ್ರಲ್ಲ, ವಾಪಸ್ ಕೊಡೂ ಮೊದಲ ಒಳಗ ಏನೈತಿ ನೋಡೂಣು ಅಂತ. ಡಿಸ್ಕ್ ಖಾಲಿ ಐತಿ, ಸಜ್ಜ ಮಾಡ್ಲೇನು ಅಂತ ಕೇಳ್ತು. ಹೂಂ ಅಂತ ಒತ್ತಿದೆ."

"ಖಾಲಿ ಅಂತಂದ್ರ ಹಂಗ ತರಬೇಕಿಲ್ರಿ?"

ಪಾರವ್ವ ನನ್ನನ್ನು ಅಚ್ಚರಿಯಿಂದ ನೋಡಿದಳು. "ಮಂದಿ ಡಬ್ಬಿ ಖಾಲಿ ಹೆಂಗ ಕೊಡೂದ್ರಿ ಬಾಯಾರ? ನಮ್ಮವ್ವ ಆಗಿದ್ರ ಒಂದ್ ಚೂರು ಬೆಲ್ಲರ ಹಾಕಿ ಕೊಡಾಕಿ. ನಿಮ್ಮ ಡಬ್ಬ್ಯಾಗ ಬೆಲ್ಲ ಹಾಕಾಕ ಬರಂಗಿಲ್ಲ. ನಾ ರೊಟ್ಟಿ ಬಡಿಯೂದನ್ನ ಸೊಸಿ ಮೊಬೈಲ್‌ನ್ಯಾಗ ಹಿಡದಿದ್ಲು. ನೀವೆಲ್ಲಾ ಕುಂತು ನೋಡ್ತೀರಿ ಅಂತ ಅದನ್ನ ಹಾಕಿದೆ. ಅಷ್ಟರಾಗ ಹಾಲು ಉಕ್ಕಾಕತ್ತಿತ್ತು, ಕಿತ್ತಕೊಂಡು ಓಡಿದೆ."

"ನಿಮ್ಮ ರೂಢಿ ಅದರಾಗ ಇತ್ತಲ್ರಿ."

"ಖಾಲಿ ಅಂತಲ್ರಿ ಅದು. ಹಳೇ ಕೈ ಬಿಚ್ಚಿಕೊಂಡಿರಲ್ಲ, ಆಗ ನೀವ ತಗೊಂಡೀರಿ ಅಂದ್ಕೊಂಡೆ." ಅವಳ ಮಾತು ನಿಧಾನವಾಯಿತು. ನನ್ನ ಮುಖ, ದಾವಲ್‌ನ ಮುಖ ನೋಡಿದಳು. "ಏನರ ತಪ್ಪು ಮಾಡಿದ್ನೇನ್ರಿ?"

ಹಳೇದು ಎಂದು ನಾವು ಹೇಳಿದ್ದು ಕೈಯನ್ನು, ಅವಳು ತಿಳಿದದ್ದು ಡ್ರೈವನ್ನು. ನನಗೆ ಅವಳ ಮೇಲೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಬಂದದ್ದು ಆ ಗೋಡೆ ಟಿವಿಯ ಮೇಲೆ. ಅದಕ್ಕೆ ನಮ್ಮ ಬರವಣಿಗೆ ಓದಲು ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ತನಗೆ ಓದಲು ಬಾರದ್ದನ್ನೆಲ್ಲ ಖಾಲಿ ಎಂದು ಕರೆಯುವ ದೊಡ್ಡಸ್ತಿಕೆ ಅದರದು. ಅದು ಹೇಳಿದ ಒಂದು ಸುಳ್ಳಿಗೆ ಈ ಹೆಂಗಸಿನ ಮೂರು ವರ್ಷದ ಕೈ ಹೋಗಿತ್ತು.

ವಿಷಯವನ್ನು ನಾನೇ ಹೇಳಿದೆ. ಇರುವುದು ಈ ಡ್ರೈವ್ ಒಂದೇ, ಇದರಲ್ಲಿ ರೂಢಿ ಸಿಗದಿದ್ದರೆ ಹೊಸ ಕೈಗೆ ಮೊದಲಿನಿಂದ ಕಲಿಸಬೇಕು. ಅವಳ ನರಗಳು ಮತ್ತೊಮ್ಮೆ ಅಷ್ಟು ಪಾಠ ತಾಳುವುದು ಅನುಮಾನ ಎಂದು ಡಾಕ್ಟರು ಹೋದ ಸಲವೇ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು.

ಪಾರವ್ವ ಅಳಲಿಲ್ಲ. ಮೇಜಿನ ಮೇಲಿದ್ದ ಹೊಸ ಕೈಯನ್ನು ಎಡಗೈಯಿಂದ ಸವರಿದಳು. "ಇನ್ನೊಮ್ಮೆ ಕೂಸಾಗಾಕ ನನ್ನ ಕಡಿಂದ ಆಗಂಗಿಲ್ರಿ," ಎಂದಳು. "ನೀವು ಕಲತವ್ರು ಅದೀರಿ. ಏನರ ಮಾಡ್ರಿ."

"ಮಾಡೂಣ್ರಿ," ಎಂದ ದಾವಲ್. ಮಾತು ಕಡಿಮೆಯಾದರೂ, ಆಗದ ಕೆಲಸಕ್ಕೆ ಅವನು ಹೂಂ ಅನ್ನುವವನಲ್ಲ. ನನಗೆ ಸ್ವಲ್ಪ ಉಸಿರು ಬಂತು.

ಕೆಲಸ ಒಂದು ಪೂರ್ತಿ ದಿನದ್ದು. ಒಡೆಯರ ಕಣ್ಣೆದುರಿಗೇ ಮಾಡಬೇಕು, ಒಡೆಯಳಿಗೆ ಖಾನಾವಳಿ ಬಿಟ್ಟು ಬರಲಾಗದು. ಹೀಗಾಗಿ ನಾವೇ ಕಂಪ್ಯೂಟರ್ ಹೊತ್ತುಕೊಂಡು ಅವಳ ಖಾನಾವಳಿಗೆ ಹೋದೆವು. ನೀರಿನ ಕೊಡಗಳ ಪಕ್ಕದ ಮೇಜು ನಮಗೆ ಸಿಕ್ಕಿತು. ಒಳಗೆ ಸೊಸೆ ಶಾಂತಕ್ಕ ಬದನೆಕಾಯಿ ಹೆಚ್ಚುತ್ತಿದ್ದಳು. ಹೊರಗಿನಿಂದ ತಂದ ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟಿತ್ತು, ಪಾರವ್ವ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಮೊದಲು ಡ್ರೈವ್‌ನ ಪೂರ್ತಿ ನಕಲು ಮಾಡಿಕೊಂಡೆವು, ಪಾರವ್ವನದೇ ಹೊಸ ಡ್ರೈವ್ ಮೇಲೆ. ಕೆಟ್ಟ ಡಿಸ್ಕಿನ ಮೇಲೆ ನೇರ ಕೈಯಾಡಿಸಬಾರದು, ಉಳಿದದ್ದೂ ಹೋಗುತ್ತದೆ. ನಕಲಾಗುವಷ್ಟರಲ್ಲಿ ಪಾರವ್ವ ನಮ್ಮ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಈಗ ಏನು ಹುಡುಕತೀರಿ?"

ದಾವಲ್ ತಲೆ ಕೆರೆದುಕೊಂಡ. ವಿವರಿಸುವುದು ಅವನಿಗೆ ಡಿಸ್ಕಿಗಿಂತ ಕಷ್ಟ. ನಾನೇ ಹೇಳಿದೆ. ಡಿಸ್ಕಿನ ಮೊದಲಲ್ಲಿ ಒಂದು ಮುಖ್ಯ ಪುಟ ಇರುತ್ತದೆ. ಯಾವ ಕಡತ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಲೆಕ್ಕಕ್ಕೆ ಅದೇ ಬಾಗಿಲು. ಟಿವಿ ಅಳಿಸಿದ್ದು ಆ ಬಾಗಿಲನ್ನು. ಮನೆಯೊಳಗಿನ ಸಾಮಾನು ಬಹುಪಾಲು ಇದ್ದಲ್ಲೇ ಇದೆ. ಆದರೆ ನಮ್ಮ ಪದ್ಧತಿಯಲ್ಲಿ ಆ ಮುಖ್ಯ ಪುಟ ಒಂದೇ ಇರುವುದಿಲ್ಲ. ಡಿಸ್ಕಿನ ಉದ್ದಕ್ಕೂ ದೂರದೂರದಲ್ಲಿ ಅದರ ಪ್ರತಿಗಳನ್ನು ಬರೆದಿಟ್ಟಿರುತ್ತದೆ. ಒಂದು ಹೋದರೆ ಇನ್ನೊಂದು ಇರಲಿ ಎಂದು.

"ಹೆಪ್ಪಿನಂಗ ಅನ್ರಿ," ಎಂದಳು ಪಾರವ್ವ. "ನಮ್ಮನಿ ಹೆಪ್ಪು ಕೆಟ್ರ ಬಾಜೂ ಮನ್ಯಾಗ ಇಸಗೋತೀವಿ. ಅದೂ ನಮ್ಮನಿಯಿಂದ ಹೋಗಿದ್ದ ಇರತೈತಿ."

"ಬರೋಬ್ಬರಿ ಹಂಗ," ಎಂದ ದಾವಲ್, ಕಷ್ಟ ತಪ್ಪಿದವನಂತೆ.

ಹೀಗೆ ಪ್ರತಿ ಇಡುವ ಉಪಾಯ ನಮ್ಮದಲ್ಲ. ನಾವು ಹುಟ್ಟುವ ಮೊದಲೇ ಯಾವ ಯಾವುದೋ ದೇಶದಲ್ಲಿ ಕೂತು, ಎಲ್ಲರಿಗೂ ಸಿಗಲಿ ಎಂದು ಬರೆದು ಬಯಲಲ್ಲಿ ಬಿಟ್ಟವರದು. ಅವರಿಗೆ ಬೆಟಗೇರಿ ಗೊತ್ತಿರಲಿಲ್ಲ, ಜೋಳದ ರೊಟ್ಟಿ ಗೊತ್ತಿರಲಿಲ್ಲ. ಆದರೂ ಪಾರವ್ವನ ಡಿಸ್ಕಿನಲ್ಲಿ ಅವರು ದೂರದೂರಕ್ಕೆ ಬಾಗಿಲು ಇಟ್ಟುಹೋಗಿದ್ದರು. ಅಂಥವರ ಸಾಲಿಗೆ ನಾನೂ ಸೇರಿದವಳೆಂದು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ತೊಡಕು ಇನ್ನೊಂದಿತ್ತು. ಪ್ರತಿಗಳು ಡಿಸ್ಕಿನ ಶುರುವಿನಿಂದ ಇಂತಿಷ್ಟು ದೂರ ಎಂದು ಲೆಕ್ಕ ಹಾಕಿ ಹುಡುಕಬೇಕು. ಟಿವಿ ಆ ಶುರುವಿನ ಗೆರೆಯನ್ನೇ ಸರಿಸಿಬಿಟ್ಟಿತ್ತು. ಹಳೆಯ ಗೆರೆ ಎಲ್ಲಿತ್ತು? ದಾವಲ್ ನನ್ನ ಕಡೆ ನೋಡಿ ನಕ್ಕ. ಪಡಸಾಲೆ ಸಜ್ಜುಗೊಳಿಸುವ ಎಲ್ಲ ಡ್ರೈವ್‌ಗಳೂ ಒಂದೇ ಗೆರೆಯಿಂದ ಶುರುವಾಗಬೇಕು ಎಂದು ಒಂದು ಸಭೆಯಲ್ಲಿ ಎಲ್ಲರೊಡನೆ ಜಗಳ ಕಾದು, ಆ ಸಾಲನ್ನು ಸೇರಿಸಿದವಳು ನಾನೇ. ಅವತ್ತು ಎಲ್ಲರೂ ನನ್ನನ್ನು ಹಟಮಾರಿ ಎಂದಿದ್ದರು. ದಾವಲ್ ಕೂಡ.

"ಅವತ್ತು ನಾ ಏನಂದೆ ಅದನ್ನ ಮರತುಬಿಡ್ರಿ," ಎಂದ.

"ಮರೆಯೂದಿಲ್ಲ," ಎಂದೆ.

ಆ ಗೆರೆಯಿಂದ ಲೆಕ್ಕ ಹಾಕಿ ಮೊದಲ ಪ್ರತಿ ತೆಗೆದೆವು. ಅದರ ಮೇಲೆ ಟಿವಿ ತನ್ನ ಬರವಣಿಗೆ ಬರೆದಿತ್ತು. ಮುಂದಿನದರ ಮೇಲೆ ಪಾರವ್ವನ ವಿಡಿಯೋದ ತುಂಡು ಬಿದ್ದಿತ್ತು. ಖಾನಾವಳಿಯಲ್ಲಿ ಗಿರಾಕಿಗಳು ಉಂಡು ಎದ್ದು ಹೋಗುತ್ತಿದ್ದರು, ಹೊಸಬರು ಬಂದು ಕೂಡುತ್ತಿದ್ದರು. ಪಾರವ್ವ ತಾಟು ಇಡಲು ಏಳುವಳು, ಮತ್ತೆ ಬಂದು ನಮ್ಮ ಪರದೆ ನೋಡುವಳು. ಅದರ ಮುಂದಿನ ಪ್ರತಿಗೆ ಹೋದಾಗ ದಾವಲ್ ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಇದು ಗಟ್ಟಿ ಐತಿ," ಎಂದ.

ಅದನ್ನು ಹಿಡಿದು ಡಿಸ್ಕನ್ನು ದುರಸ್ತಿಗೆ ಬಿಟ್ಟೆವು. ಕಡತಗಳು ಒಂದೊಂದಾಗಿ ಎದ್ದು ಬಂದವು, ಆದರೆ ಹೆಸರಿಲ್ಲದೆ. ಹೆಸರುಗಳ ಪುಟ ಹೋಗಿತ್ತು, ಬರಿಯ ನಂಬರು ಉಳಿದಿತ್ತು. ಹೀಗೆ ಅನಾಥವಾಗಿ ಸಿಕ್ಕವುಗಳನ್ನು ವ್ಯವಸ್ಥೆ ಒಂದು ಬೇರೆ ಕೋಣೆಯಲ್ಲಿ ಗುಡ್ಡೆ ಹಾಕುತ್ತದೆ. ಕೈಯೊಳಗೆ ಗಡಿಯಾರ ಇಲ್ಲವಾದ್ದರಿಂದ ಎಲ್ಲದರ ಮೇಲೂ ಒಂದೇ ತಾರೀಖು ಇತ್ತು. ಅವುಗಳಲ್ಲಿ ಹೊಸದು ಯಾವುದು, ಹಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವ ದಾರಿ ಒಂದೇ. ಕೈಗೆ ಹಾಕಿ ನೋಡಬೇಕು.

ಪಾರವ್ವನ ತೋಳಿಗೆ ಹೊಸ ಕೈ ಕೂರಿಸಿದೆ. ದಾವಲ್ ಮೊದಲ ಕಡತ ಕಳಿಸಿದ. ಸ್ಟೀಲಿನ ಲೋಟದಲ್ಲಿ ನೀರು ತುಂಬಿ ಮುಂದಿಟ್ಟೆವು. ಬೆರಳು ಬಿಚ್ಚಿದವು, ಮುಚ್ಚಿದವು, ಲೋಟವನ್ನು ದಾಟಿಹೋದವು.

"ಇದು ಭಾಳ ಮೊದಲಿಂದು," ಎಂದಳು ಪಾರವ್ವ. "ಆಗ ನನಗ ಲೋಟ ಕಂಡ್ರ ಸಿಟ್ಟು ಬರತಿತ್ತು."

ಇನ್ನೊಂದು ಕಡತಕ್ಕೆ ಕೈ ಲೋಟವನ್ನು ಹಿಡಿಯಿತು, ಆದರೆ ನಗ್ಗಿ ಹೋಗುವಷ್ಟು ಬಿಗಿಯಾಗಿ. ಮತ್ತೊಂದು ಕಡತಕ್ಕೆ ಅದು ಲೋಟವನ್ನು ಬಾಯಿವರೆಗೆ ತಂದು ಅಲ್ಲೇ ನಿಂತಿತು. ಒಂದು ಕಡತ ಕೆಟ್ಟಿತ್ತು, ಹೆಬ್ಬೆರಳು ಒಂದೇ ಕುಣಿಯಿತು. ಗಿರಾಕಿಗಳು ಈಗ ಉಂಡು ಎದ್ದು ಹೋಗುತ್ತಿರಲಿಲ್ಲ, ಕೈ ತೊಳೆದುಕೊಂಡು ನಮ್ಮ ಸುತ್ತಲೂ ನಿಂತಿದ್ದರು.

ಒಂದು ಕಡತಕ್ಕೆ ಕೈ ಲೋಟವನ್ನು ಸರಿಯಾಗಿಯೇ ಹಿಡಿಯಿತು, ಆದರೆ ನಡುಗುತ್ತಿತ್ತು. ನೀರು ತುಳುಕಿ ಸೀರೆಯ ಮೇಲೆ ಬಿತ್ತು. ಕೆಟ್ಟ ಕಡತವೆಂದು ದಾವಲ್ ತೆಗೆಯಲು ಹೋದ.

"ತಡೀರಿ ತಮ್ಮಾ," ಎಂದಳು ಪಾರವ್ವ. ಆ ನಡುಗುವ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಇದು ಕೆಟ್ಟಿಲ್ರಿ. ನಮ್ಮನಿಯವ್ರನ್ನ ಮಣ್ಣು ಮಾಡಿದ ತಿಂಗಳಂದು. ಆ ತಿಂಗಳ ನಾ ಹಿಂಗ ನಡಗತಿದ್ದೆ. ಕೈ ಅದನ್ನೂ ಕಲತೇತಿ ನೋಡ್ರಿ."

ದಾವಲ್ ಕೀಲಿಮಣೆಯಿಂದ ಕೈ ತೆಗೆದ. ಕೈ ಮಾಡುವವಳು ನಾನು, ನನ್ನ ಕೈ ಇದನ್ನೂ ಕಲಿಯುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

"ಇದನ್ನ ಅಳಸಬ್ಯಾಡ್ರಿ," ಎಂದು ಹೇಳಿ, ಅವಳೇ ಮುಂದಿನದಕ್ಕೆ ಸನ್ನೆ ಮಾಡಿದಳು.

ಆಮೇಲಿನವು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕೈ ಲೋಟ ಹಿಡಿಯಿತು, ಕೊತ್ತಂಬರಿ ಸೋಸಿತು, ಸೆರಗು ಸರಿಮಾಡಿತು. ಆದರೆ ಹಿಟ್ಟಿನ ಮುಂದೆ ಕೂತರೆ ಅದಕ್ಕೆ ಏನೂ ತೋಚುತ್ತಿರಲಿಲ್ಲ. ರೊಟ್ಟಿ ಕಲಿತ ತಿಂಗಳುಗಳು ಕೊನೆಯವು. ಅವುಗಳ ಮೇಲೇ ವಿಡಿಯೋ ಬಿದ್ದಿದ್ದರೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಉಳಿದದ್ದು ಒಂದೇ ನಂಬರು. ದಾವಲ್ ಅದನ್ನು ಕಳಿಸಿ ಪರದೆಯಿಂದ ಕಣ್ಣು ತೆಗೆದ.

ಪಾರವ್ವ ಕಲಸಿದ ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟಳು. ಒಣಹಿಟ್ಟು ಉದುರಿಸಿದಳು. ಕೈ ಒಂದು ಗಳಿಗೆ ಮೇಲೆಯೇ ನಿಂತಿತು. ಆಮೇಲೆ ಬಡಿಯತೊಡಗಿತು. ಮೊದಲು ತಡೆತಡೆದು, ಆಮೇಲೆ ಒಂದೇ ಸಮ. ಎಡಗೈ ತಿರುಗಿಸಿತು, ಬಲಗೈ ಬಡಿಯಿತು, ಉಂಡೆ ಹರಡಿ ತಾಟಿನಷ್ಟಗಲ ಆಯಿತು. ಖಾನಾವಳಿಯ ತುಂಬ ಆ ಬಡಿತವೇ ಕೇಳುತ್ತಿತ್ತು. ಗೋಡೆಗೆ ಒರಗಿ ನಿಂತಿದ್ದ ಒಬ್ಬ ಹಳೆಯ ಗಿರಾಕಿ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ. ನಾನಂತೂ ಅಳುತ್ತಲೇ ಇದ್ದೆ. ನಾಚಿಕೆ ಏನೂ ಆಗಲಿಲ್ಲ.

ರೊಟ್ಟಿ ಎತ್ತುವಾಗ ಅಂಚು ಸೀಳಿತು.

"ಇದು ಕಡೀ ತಿಂಗಳಂದಲ್ಲ," ಎಂದಳು ಪಾರವ್ವ ಅದನ್ನು ನೋಡುತ್ತ. "ಅದರ ಹಿಂದಿಂದು. ಅಂಚು ಹಿಡಿಯೂದು ಆಮ್ಯಾಲೆ ಕಲತದ್ದು. ಅದರ ಮ್ಯಾಲೆ ನನ್ನ ವಿಡಿಯೋ ಕುಂತಿರಬೇಕು." ಆಮೇಲೆ ತೋಳು ಝಾಡಿಸಿ ಇನ್ನೊಂದು ಉಂಡೆ ತೆಗೆದುಕೊಂಡಳು. "ಇರಲಿ. ಅಷ್ಟ ಕಲಿಸಾಕ ನನಗ ಆಗತೈತಿ."

ಅವತ್ತು ಹೊರಗಿನಿಂದ ತಂದ ರೊಟ್ಟಿಯ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಅಂಚು ಸೀಳಿದ ರೊಟ್ಟಿಗೇ ಗಿರಾಕಿಗಳು ಪಾಳಿ ಹಚ್ಚಿದರು.

ನಾವು ಸಾಮಾನು ಕಟ್ಟುವಾಗ ಪಾರವ್ವ ನನ್ನನ್ನು ಒಳಗೆ ಕರೆದಳು. ಇನ್ನು ಮೇಲೆ ಎರಡು ಡ್ರೈವ್ ಇಟ್ಟುಕೊಳ್ಳಿ ಎಂದು ನಾನು ಮತ್ತೆ ಶುರು ಮಾಡಿದ್ದೆ, ಅವಳು ಅದನ್ನು ಅರ್ಧಕ್ಕೆ ನಿಲ್ಲಿಸಿದಳು.

"ಬಾಯಾರ, ನೀವು ಮಂದಿಗೆ ಹೊಸ ಕೈ ಕೊಡತೀರಲ್ಲ, ಎಲ್ಲಾ ಖಾಲೀನ ಕೊಡತೀರೇನು?"

"ಮತ್ತ ಏನ್ ಹಾಕೂದ್ರಿ? ಒಬ್ಬರ ರೂಢಿ ಇನ್ನೊಬ್ಬರಿಗೆ ಕೊಡಾಕ ಕಾನೂನು ಬಿಡಂಗಿಲ್ಲ."

"ನೀವು ಕೊಡಂಗಿಲ್ಲ. ನಾ ಕೊಟ್ರ?"

ಕಾನೂನು ಓದಿ ಓದಿ ಬಾಯಿಪಾಠವಾಗಿತ್ತು ನನಗೆ. ಬೇರೆಯವರು ತೆಗೆದುಕೊಳ್ಳಬಾರದು ಎಂದು ಅದರ ಎಲ್ಲ ಕಲಮುಗಳೂ ಹೇಳುತ್ತವೆ. ಒಡೆಯರು ತಾವಾಗಿ ಕೊಡಬಾರದು ಎಂದು ಎಲ್ಲಿಯೂ ಇಲ್ಲ. ತಮ್ಮದನ್ನು ಯಾರಾದರೂ ಹೀಗೆ ಕೊಡುತ್ತಾರೆಂದು ನಮಗಾರಿಗೂ ಹೊಳೆದಿರಲಿಲ್ಲ, ಅಷ್ಟೇ.

"ನಿಮ್ಮ ನರ ಬ್ಯಾರೆ, ಅವರ ನರ ಬ್ಯಾರೆ," ಎಂದೆ. "ಎಲ್ಲಾ ಹೊಂದೂದಿಲ್ಲ. ಆದ್ರ ಬೆರಳು ಬೆರಳು ಕೂಡಿ ಕೆಲಸ ಮಾಡೂದು, ಎಷ್ಟು ಬಿಗಿ, ಎಷ್ಟು ಸಡ್ಲ, ಅಷ್ಟರ ಹೊಂದತೈತಿ. ಅವರಿಗೆ ಮೊದಲಿಂದ ಶುರು ಮಾಡೂದು ತಪ್ಪತೈತಿ."

"ಅಷ್ಟ ಸಾಕಲ್ಲ. ಕೂಸಿನ ಕೈ ಬ್ಯಾಡ್ರಿ ಯಾರಿಗೂ. ನಂದು ಹಾಕಿ ಕೊಡ್ರಿ. ನಿಮ್ಮ ಪಡಸಾಲ್ಯಾಗ ಇಡ್ರಿ, ಬೇಕಾದವ್ರು ತಗೊಳ್ಳಿ." ಸ್ವಲ್ಪ ತಡೆದು ಹೇಳಿದಳು, "ಆ ನಡಗೂ ತಿಂಗಳದ್ದು ಮಾತ್ರ ಬ್ಯಾಡ. ಅದು ನನ್ನ ಕಡೆನ ಇರಲಿ."

ಹಾಗೆಯೇ ಮಾಡಿದೆವು. ಪಾರವ್ವನ ನರದ ಗುರುತು ತೆಗೆದು ಉಳಿದದ್ದನ್ನು ಸಿದ್ಧಮಾಡಲು ದಾವಲ್ ಇಡೀ ಬೇಸಿಗೆ ಕೂತ. ಪಡಸಾಲೆಯ ಮುಂದಿನ ಆವೃತ್ತಿಯಲ್ಲಿ ಅದು ಸೇರಿತು. ಹೊಸ ಸಾಲು ಸೇರಿಸಿದವರ ಹೆಸರು ಬರೆಯುವುದು ನಮ್ಮ ಪದ್ಧತಿ. ಮಾಸ್ತರರು, ಎಂಜಿನಿಯರುಗಳ ಹೆಸರುಗಳ ನಡುವೆ ಪಾರವ್ವ ಬೇವಿನಮರದ, ಖಾನಾವಳಿ, ಬೆಟಗೇರಿ ಎಂದು ನಾನೇ ಟೈಪು ಮಾಡಿದೆ. ಅದೇ ಸಭೆಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದೆವು. ಓದಲು ಬಾರದ ಡಿಸ್ಕನ್ನು ಪಡಸಾಲೆ ಎಂದಿಗೂ ಖಾಲಿ ಎನ್ನಬಾರದು, ನನಗೆ ಓದಲು ಬರುತ್ತಿಲ್ಲ ಎನ್ನಬೇಕು. ಈ ಸಲ ಯಾರೂ ನನ್ನ ಜೊತೆ ಜಗಳವಾಡಲಿಲ್ಲ.

ಆ ರೂಢಿ ಹಾಕಿದ ಕೈಯನ್ನು ಮೊದಲು ಪಡೆದವನು ಮುಂಡರಗಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಯಮನೂರಪ್ಪ ತಳವಾರ. ಎತ್ತರದ ಆಳು, ದೊಡ್ಡ ಮೀಸೆ. ಕೈ ಕೂರಿಸಿದ ದಿನವೇ ಲೋಟ ಎತ್ತಿ ನೀರು ಕುಡಿದ. ಪಾರವ್ವನಿಗೆ ಅದೇ ಲೋಟಕ್ಕೆ ಒಂದು ಮಳೆಗಾಲ ಹಿಡಿದಿತ್ತು. ನಮ್ಮ ಇಡೀ ವಿಭಾಗ ಬಾಗಿಲಲ್ಲಿ ನಿಂತು ನೋಡಿತು. ಆಮೇಲೆ ಅವನು ಕೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟುಕೊಂಡ. ಕೈ ತಾನಾಗಿ ಮೆಲ್ಲಗೆ ಮೇಜು ಬಡಿಯತೊಡಗಿತು.

"ಇದೇನ್ರಿ ಮೇಡಂ, ತಾನ ಬಡಿಯಾಕತ್ತೈತಿ," ಎಂದ ಗಾಬರಿಯಿಂದ.

"ಅದಕ್ಕ ಹಿಟ್ಟು ಬೇಕಾಗೇತಿ," ಎಂದೆ. "ಮನಿಗೆ ಹೋಗಿ ಒಂದ್ ಉಂಡಿ ಕೊಟ್ಟು ನೋಡ್ರಿ."

ಹುಟ್ಟಿದಂದಿನಿಂದ ಒಲೆಯ ಮುಂದೆ ಕೂತವನಲ್ಲ ಅವನು. ಆದರೂ ಕೆಲವು ದಿನಗಳ ಮೇಲೆ ಮುಂಡರಗಿಯ ಬಸ್ಸಿನಲ್ಲಿ ಒಂದು ಗಂಟು ಬಂತು. ಬಿಚ್ಚಿದರೆ ರೊಟ್ಟಿಗಳು. ಅವನ ಹೆಂಡತಿ ಫೋನ್ ಮಾಡಿ, ನಾನು ಮುಟ್ಟಿಲ್ರಿ, ಎಲ್ಲಾ ಅವ್ರ ಬಡದಿದ್ದು ಎಂದು ನಗುತ್ತ ಹೇಳಿದಳು. ನಾನು ಗಂಟನ್ನು ಹಾಗೇ ಎತ್ತಿಕೊಂಡು ಪಾರವ್ವನ ಖಾನಾವಳಿಗೆ ಹೋದೆ.

ಪಾರವ್ವ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಂಚನ್ನು ಬೆರಳಲ್ಲಿ ಸವರಿದಳು. ಮುರಿದು ಮೂಸಿದಳು. ನಾನು ಪರೀಕ್ಷೆಗೆ ಕೂತವಳಂತೆ ಕಾದು ನಿಂತಿದ್ದೆ.

"ಬಡಿತ ನಂದ," ಎಂದಳು ಕೊನೆಗೆ. "ಅಂಚು ಸೀಳೇತಿ, ಅದೂ ನಂದ. ಎಸರು ಮಾತ್ರ ಸರಿ ಕಾಸಿಲ್ಲ ಅಂವಾ. ಅದನ್ನ ಅಂವಾನ ಕಲೀಬೇಕು."

ಶಾಂತಕ್ಕ ಉಳಿದ ರೊಟ್ಟಿಗಳನ್ನು ಗಿರಾಕಿಗಳ ಬುಟ್ಟಿಗೆ ಹಾಕಲು ಬಂದಳು. ಪಾರವ್ವ ಕೊಡಲಿಲ್ಲ. ಗಂಟನ್ನು ಎದುರಿಗೆ ಎಳೆದುಕೊಂಡು, ಖಾರಬ್ಯಾಳಿ ಹಾಕಿಸಿಕೊಂಡು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಉಣ್ಣತೊಡಗಿದಳು.